ಡಾಕ್ಟರು ‘ಯಾವುದಾದರೂ ಸಂಘಕ್ಕೆ ಸೇರಿ’ ಅಂದರು. ಇದೂ ಒಂದು ಔಷಧಿನಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 56 ವರ್ಷ. ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದರು. ಅವರನ್ನು ನೋಡಿಕೊಳ್ಳಲು ಶಾಲೆಯ ಕೆಲಸ ಬಿಟ್ಟೆ. ಹೋದ ವರ್ಷ ದೀಪಾವಳಿ ಕಳೆದು ಹದಿನೈದು ದಿನಕ್ಕೆ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದವರೆಲ್ಲ ‘ಇನ್ನಾದರೂ ಸ್ವಲ್ಪ ಆರಾಮಾಗಿರು’ ಅಂದರು. ಆರಾಮಾಗಿ ಇರುವುದು ಹೇಗೆ ಅಂತಲೇ ಮರೆತುಹೋಗಿದೆ. ಈಗಲೂ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಅತ್ತೆಗೆ ಮಗ್ಗುಲು ಬದಲಿಸುವ ಹೊತ್ತು ಅದು.

ಮಕ್ಕಳಿಬ್ಬರೂ ಹೊರ ಊರಿನಲ್ಲಿದ್ದಾರೆ. ಮನೆಯವರು ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ತಲೆಸುತ್ತು ಅಂತ ಡಾಕ್ಟರ ಹತ್ತಿರ ಹೋದರೆ ಬಿಪಿ 152/96. ಮಾತ್ರೆ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು, ‘ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡ್ತೀರಿ?’ ಅಂತ ಕೇಳಿದರು. ಹಾಲಿನವನು, ತರಕಾರಿ ಗಾಡಿಯವಳು, ಫೋನಿನಲ್ಲಿ ಮಗಳು. ಎಣಿಸಲು ಒಂದು ಕೈ ಬೆರಳು ಜಾಸ್ತಿಯಾಯಿತು. ‘ಯಾವುದಾದರೂ ಸಂಘಕ್ಕೋ ಕ್ಲಬ್ಬಿಗೋ ಸೇರಿ, ಆರು ವಾರ ಬಿಟ್ಟು ಬಂದು ತೋರಿಸಿ’ ಅಂದರು.

ನಿಜ ಹೇಳುತ್ತೇನೆ, ಸಿಟ್ಟು ಬಂತು. ಇದನ್ನು ಹೇಳಲು ಡಾಕ್ಟರು ಬೇಕಾ? ಪಕ್ಕದ ಮನೆಯವರೂ ಹೇಳುತ್ತಾರೆ. ಆದರೆ ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಗುಂಪಿಗೆ ಸೇರಿ ನಿಜವಾಗಲೂ ಆರೋಗ್ಯ ಸುಧಾರಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಸೇರುವುದಾದರೆ ಎಂಥದ್ದಕ್ಕೆ?

ಶಟಲ್ ಶಂಕ್ರಣ್ಣ (ಬೆಂಗಳೂರು)

ಮೇಡಂ, ಯೋಚನೆ ಮಾಡಬೇಡಿ, ಶಟಲ್ ಆಡಿ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸಾವಿರಾರು ಜನರನ್ನು ಸುಮಾರು 25 ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ವ್ಯಾಯಾಮ ಮಾಡದವರಿಗಿಂತ ಟೆನಿಸ್ ಆಡುವವರು 9.7 ವರ್ಷ ಜಾಸ್ತಿ ಬದುಕುತ್ತಾರೆ. ಶಟಲ್ ಆಡುವವರು 6.2 ವರ್ಷ. ಫುಟ್‌ಬಾಲ್ 4.7. ಒಬ್ಬರೇ ಓಡುವವರಿಗೆ ಬರೀ 3.2. ಜಿಮ್ಮಿಗೆ ಹೋಗಿ ಕನ್ನಡಿ ನೋಡಿಕೊಂಡು ಭಾರ ಎತ್ತುವವರಿಗೆ 1.5!

ಅಂದರೆ ಇನ್ನೊಬ್ಬರ ಜೊತೆ ಆಡುವ ಆಟಗಳೇ ಮೇಲಿವೆ. ನಮ್ಮ ಕೋರ್ಟಿನಲ್ಲಿ ಬೆಳಿಗ್ಗೆ ಆರಕ್ಕೆ ಹನ್ನೊಂದು ಜನ ಸೇರುತ್ತೇವೆ, ದೊಡ್ಡವರಿಗೆ 71. ಆಟ ಮುಕ್ಕಾಲು ಗಂಟೆ, ಆಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ ಒಂದು ಗಂಟೆ.

ಒಂಟಿ ಸಲಗ

ಶಂಕ್ರಣ್ಣ, ಟೆನಿಸ್ ಆಡುವವರು ಯಾರು ಸ್ವಾಮಿ? ದುಡ್ಡಿರುವವರು, ಸಮಯ ಇರುವವರು, ಮಂಡಿ ಗಟ್ಟಿ ಇರುವವರು. ಅವರು ಆಡದಿದ್ದರೂ ಜಾಸ್ತಿ ಬದುಕುತ್ತಿದ್ದರು. ಹುಷಾರಿಲ್ಲದವರು ಕೋರ್ಟಿಗೇ ಬರುವುದಿಲ್ಲ, ನಿಮ್ಮ ಲೆಕ್ಕಕ್ಕೂ ಸಿಗುವುದಿಲ್ಲ.

ತುಂಗಾತೀರ ಅವರೇ, ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಸಂಘ ಅಂದರೆ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ಇಬ್ಬರಿಗೂ ಮಾತಿಲ್ಲ. ರಾಜ್ಯೋತ್ಸವಕ್ಕೆ ಶಾಲು ಯಾರಿಗೆ ಹೊದಿಸಬೇಕು ಅನ್ನುವ ಜಗಳಕ್ಕೇ ನಿಮ್ಮ ಬಿಪಿ 160 ದಾಟುತ್ತದೆ. ಮನೆಯಲ್ಲಿ ಕೂತು ಒಳ್ಳೆ ಪುಸ್ತಕ ಓದಿ.

ಹಾಸನದ ಡಾಕ್ಟ್ರು

ನಾನು ಫಿಜಿಷಿಯನ್. ನಿಮ್ಮ ಡಾಕ್ಟರು ಕೇಳಿದ ಪ್ರಶ್ನೆಯನ್ನು ನಾನು ಹತ್ತು ವರ್ಷ ಯಾರಿಗೂ ಕೇಳಿರಲಿಲ್ಲ, ಅದಕ್ಕೆ ನಾಚಿಕೆ ಇದೆ. ಬ್ರಿಟನ್ನಿನಲ್ಲಿ ಈಗ ಇದು ಸರ್ಕಾರಿ ವ್ಯವಸ್ಥೆಯೇ ಆಗಿದೆ. ‘ಸೋಶಿಯಲ್ ಪ್ರಿಸ್ಕ್ರೈಬಿಂಗ್’ ಅನ್ನುತ್ತಾರೆ. ಡಾಕ್ಟರು ಹೇಳಿದರೆ ಒಬ್ಬ ಸಂಬಳದ ಕೆಲಸಗಾರರು ರೋಗಿಯ ಜೊತೆ ಕೂತು ಮಾತಾಡಿ, ಅವರನ್ನು ಹಾಡುವ ಗುಂಪಿಗೋ ತೋಟದ ಕೆಲಸದ ಗುಂಪಿಗೋ ಸೇರಿಸುತ್ತಾರೆ. 2018ರಲ್ಲಿ ಅಲ್ಲಿ ಒಂಟಿತನಕ್ಕೆ ಅಂತಲೇ ಒಬ್ಬ ಸಚಿವೆಯನ್ನೂ ನೇಮಿಸಿದ್ದರು.

ಒಂಟಿ ಸಲಗ ಅವರ ವಾದ ಅರ್ಧ ಸರಿ. ಕೋಪನ್‌ಹೇಗನ್ನಿನದು ಬರೀ ಗಮನಿಸಿ ನೋಡಿದ ಅಧ್ಯಯನ. ಶಟಲ್ಲೇ ಆಯಸ್ಸು ಕೊಟ್ಟಿತು ಅಂತ ಅದರಿಂದ ಸಾಬೀತಾಗುವುದಿಲ್ಲ. 2010ರಲ್ಲಿ ಇಂಥ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದರು. ಜನರ ಒಡನಾಟ ಗಟ್ಟಿಯಾಗಿರುವವರು ಆ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಅಂತ ಬಂತು. ಅಲ್ಲೂ ಅದೇ ಪ್ರಶ್ನೆ ಉಳಿಯುತ್ತದೆ: ಆರೋಗ್ಯ ಇದ್ದದ್ದಕ್ಕೆ ಸ್ನೇಹಿತರೋ, ಸ್ನೇಹಿತರಿದ್ದದ್ದಕ್ಕೆ ಆರೋಗ್ಯವೋ?

ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಪಾಲು ಮಾಡಿ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗೆ ಮಾಡಿದರು, 2018ರಲ್ಲಿ ಪ್ರಕಟವಾಯಿತು. 12 ಹಿರಿಯರ ಕೇಂದ್ರಗಳು, 390 ಜನ. ಕೆಲವು ಕೇಂದ್ರಗಳಲ್ಲಿ ಕೂಡಲೇ ಗುಂಪಿನ ಹಾಡುಗಾರಿಕೆ ಶುರುವಾಯಿತು, ಉಳಿದವರು ಆರು ತಿಂಗಳು ಕಾದರು. ಹಾಡಿದವರಲ್ಲಿ ಒಂಟಿತನ ಕಡಿಮೆಯಾಯಿತು, ಬದುಕಿನ ಮೇಲೆ ಆಸಕ್ತಿ ಹೆಚ್ಚಿತು. ಆದರೆ ಜ್ಞಾಪಕಶಕ್ತಿಯಲ್ಲಿ, ಕೈಕಾಲಿನ ಬಲದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನನಗೆ ಈ ಅಧ್ಯಯನ ಇಷ್ಟ. ಯಾಕೆಂದರೆ ಅದು ಎಲ್ಲವನ್ನೂ ಗುಣಮಾಡುತ್ತೇನೆ ಅಂತ ಹೇಳುವುದಿಲ್ಲ.

ಇನ್ನೊಂದು ಮಾತು ಮೇಡಂ. ನಾಲ್ಕೂವರೆಗೆ ಎಚ್ಚರವಾಗುವುದು ಬರೀ ಅಭ್ಯಾಸಬಲ ಇರಬಹುದು. ಆದರೆ ಅದರ ಜೊತೆ ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ ಅನ್ನುವ ಹಾಗಿದ್ದರೆ ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ. ಖಿನ್ನತೆಗೆ ಚಿಕಿತ್ಸೆ ಬೇಕು, ಸಂಘ ಅದರ ಜಾಗಕ್ಕೆ ಬರುವುದಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಬಿಪಿ ಮಾತ್ರೆಯನ್ನು ಅವರು ಹೇಳದೆ ನಿಲ್ಲಿಸಬೇಡಿ.

ತುಂಗಾತೀರ

ಡಾಕ್ಟ್ರೇ, ಊಟ ಸೇರುತ್ತದೆ. ಮನಸ್ಸಿಲ್ಲ ಅಂತಲೂ ಅಲ್ಲ. ಮನಸ್ಸನ್ನು ಎಲ್ಲಿಡಬೇಕು ಅಂತ ಗೊತ್ತಾಗುತ್ತಿಲ್ಲ. ಆದರೂ ಅವರಿಗೆ ಇದನ್ನೆಲ್ಲ ಹೇಳುತ್ತೇನೆ.

ಕುಡ್ಲದ ಭಜನೆಗಾರ (ದಕ್ಷಿಣ ಕನ್ನಡ)

ಅಕ್ಕ, ನಿಮ್ಮ ಹತ್ತಿರ ಯಾವುದಾದರೂ ಭಜನಾ ಮಂಡಳಿ ಇದೆಯಾ ನೋಡಿ. ನಮ್ಮಲ್ಲಿ ಶನಿವಾರ ಸಂಜೆ ಏಳಕ್ಕೆ ದೀಪ ಹಚ್ಚಿ ಶುರು, ಎಂಟೂವರೆಗೆ ಮಂಗಳಾರತಿ, ಆಮೇಲೆ ಪಂಚಕಜ್ಜಾಯ. ಕುಣಿತ ಭಜನೆಯ ಮಕ್ಕಳಿದ್ದರೆ ಇನ್ನೂ ತಡವಾಗುತ್ತದೆ. ಒಂದೂವರೆ ಗಂಟೆ ನಿಂತು, ಸುತ್ತು ಬಂದು, ಬಗ್ಗಿ ಎದ್ದು ಕುಣಿದರೆ ಜಿಮ್ಮಿನ ಅಗತ್ಯ ಇಲ್ಲ.

ನಾನು ಹೋಗಲು ಶುರುಮಾಡಿದ್ದು ಭಕ್ತಿಯಿಂದ ಅಲ್ಲ. ಅಪ್ಪ ಹೋದ ಮೇಲೆ ಅವರ ತಾಳ ಮನೆಯಲ್ಲಿ ಉಳಿದಿತ್ತು. ಅದನ್ನು ಮಂಡಳಿಗೆ ಕೊಟ್ಟು ಬರೋಣ ಅಂತ ಹೋದೆ. ಹಿರಿಯರೊಬ್ಬರು ತಾಳ ತೆಗೆದುಕೊಳ್ಳಲಿಲ್ಲ, ‘ಕೂತ್ಕೋ, ಇವತ್ತು ತಾಳ ಹಾಕುವವರಿಲ್ಲ’ ಅಂದರು. ಆರು ವರ್ಷ ಆಯಿತು.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2013ರಲ್ಲಿ ಒಂದು ಪ್ರಯೋಗ ಆಗಿತ್ತು. ಒಟ್ಟಿಗೆ ಹಾಡುವವರ ಎದೆಬಡಿತವನ್ನು ಯಂತ್ರದಲ್ಲಿ ನೋಡಿದರೆ, ಎಲ್ಲರದ್ದೂ ಒಟ್ಟಿಗೆ ಏರುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತಂತೆ. ಪವಾಡ ಏನೂ ಅಲ್ಲ. ಸಾಲು ಮುಗಿಯುವಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಾರಲ್ಲ, ಉಸಿರಿನ ಹಿಂದೆ ಎದೆಬಡಿತ ಹೋಗುತ್ತದೆ. ನಮ್ಮ ಮಂಡಳಿಯಲ್ಲಿ ಇದನ್ನು ಹೇಳಿದರೆ ಒಬ್ಬರು, ‘ಅದಕ್ಕೇ ನೀನು ತಾಳ ತಪ್ಪಿದಾಗ ನನಗೆ ಎದೆ ಧಸಕ್ ಅನ್ನುವುದು’ ಅಂದರು.

ಪೇಢಾಪ್ರಿಯ (ಧಾರವಾಡ)

ಭಜನೆ ಬೇಡ ಅನಿಸಿದರೆ ನಗೆಕೂಟಕ್ಕೆ ಹೋಗಿ ನೋಡಿ ಅಕ್ಕಾರೆ. ಈಗ ದೇಶ ವಿದೇಶದಲ್ಲೆಲ್ಲ ಇದೆ, ಹುಟ್ಟಿದ್ದು ಮಾತ್ರ ಮುಂಬೈನಲ್ಲಿ. 1995ರ ಮಾರ್ಚ್‌ನಲ್ಲಿ ಡಾ. ಮದನ್ ಕಟಾರಿಯಾ ಅನ್ನುವ ವೈದ್ಯರು ಪಾರ್ಕಿನಲ್ಲಿ ಬರೀ ಐದು ಜನರನ್ನು ಇಟ್ಟುಕೊಂಡು ಶುರುಮಾಡಿದರು. ಮೊದಲು ಒಬ್ಬೊಬ್ಬರೇ ನಿಂತು ಜೋಕು ಹೇಳುತ್ತಿದ್ದರು. ಎರಡು ವಾರಕ್ಕೆ ಒಳ್ಳೆ ಜೋಕುಗಳೆಲ್ಲ ಖಾಲಿ. ಉಳಿದದ್ದು ಪೋಲಿ ಜೋಕು, ಇನ್ನೊಬ್ಬರನ್ನು ಆಡಿಕೊಳ್ಳುವ ಜೋಕು. ಬಂದವರು ಬೇಜಾರು ಮಾಡಿಕೊಂಡರು. ಆಗ ಅವರು ಜೋಕನ್ನೇ ಬಿಟ್ಟು, ಸುಮ್ಮನೆ ನಗುವುದನ್ನೇ ವ್ಯಾಯಾಮ ಮಾಡಿದರು. ಸುಳ್ಳು ನಗು ಅಕ್ಕಪಕ್ಕದವರ ಮುಖ ನೋಡಿ ನಿಜವಾದ ನಗುವಾಗುತ್ತದೆ.

ನಾನು ದಿನಾ ಹೋಗುವವನು. ಹೊರಗಿನಿಂದ ನೋಡುವವರಿಗೆ ಹುಚ್ಚರ ಹಾಗೆ ಕಾಣುತ್ತದೆ. ಕಂಡರೆ ಕಾಣಲಿ.

ಡೇರಿ ಗೌರಮ್ಮ (ಮಂಡ್ಯ ಕಡೆ)

ಫೋನಿನಲ್ಲಿ ಮಾತಾಡಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಅಕ್ಕಾ, ನಾವು ಯಾರೂ ಆರೋಗ್ಯಕ್ಕೆ ಅಂತ ಸಂಘ ಸೇರಿದವರಲ್ಲ. ಸಾಲಕ್ಕೆ ಅಂತ ಸೇರಿದವರು. ಸ್ತ್ರೀಶಕ್ತಿ ಶುರುವಾದ ಹೊಸದರಲ್ಲಿ ಅಂಗನವಾಡಿ ಟೀಚರು ಮನೆಮನೆಗೆ ಬಂದು ಕರೆದರು. ಹದಿನೈದು ಜನ. ವಾರಕ್ಕೆ ಹತ್ತು ರೂಪಾಯಿ ಕಟ್ಟುತ್ತಿದ್ದೆವು, ಈಗ ಐವತ್ತು. ಮಂಗಳವಾರ ಡೇರಿಗೆ ಹಾಲು ಹಾಕಿ ನೇರವಾಗಿ ಮೀಟಿಂಗು.

ಮೂರು ವರ್ಷದ ಹಿಂದೆ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತಬಾರದು, ಬಗ್ಗಬಾರದು ಅಂದರು. ಮನೆಯಲ್ಲಿ ಎರಡು ಹಸು. ಯಜಮಾನರಿಗೆ ಹಾಲು ಕರೆಯಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದರೂ ನನಗೆ ಹಸುವಿನದ್ದೇ ಯೋಚನೆ. ಸಂಘದವರು ಪಾಳಿ ಹಾಕಿಕೊಂಡರು. ಬೆಳಿಗ್ಗೆ ಒಬ್ಬಳು, ಸಾಯಂಕಾಲ ಒಬ್ಬಳು. ಹಿರೇ ಹಸು ನನ್ನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ, ಮೊದಲ ದಿನ ಒಬ್ಬಳಿಗೆ ಒದ್ದೇಬಿಟ್ಟಿತು. ಮಾರನೇ ದಿನ ಅವಳು ನನ್ನ ಹಳೇ ಸೀರೆ ಸುತ್ತಿಕೊಂಡು ಹೋಗಿ ಕರೆದಳು. ವಾಸನೆಗೆ ಸುಮ್ಮನೆ ನಿಂತುಕೊಂಡಿತಂತೆ. ಒಂದೂವರೆ ತಿಂಗಳು ಹಾಲು ಒಂದು ದಿನವೂ ತಪ್ಪಲಿಲ್ಲ, ಬಟವಾಡೆ ನನ್ನ ಹೆಸರಿಗೇ ಬಂತು.

ಜಗಳ ಇಲ್ಲವಾ ಅಂದರೆ ಇದೆ. ಒಬ್ಬಳು ಕಂತು ಕಟ್ಟದೆ ಎರಡು ತಿಂಗಳು ಎಲ್ಲರೂ ಮುಖ ತಿರುಗಿಸಿಕೊಂಡು ಓಡಾಡಿದ್ದೇವೆ. ಆ ಒದೆ ತಿಂದವಳೂ ನಾನೂ ಒಂದು ಕಾಲದಲ್ಲಿ ಕಾಲುವೆ ನೀರಿಗೆ ಹೊಡೆದಾಡಿದವರೇ.

ಹಾಸನದ ಡಾಕ್ಟ್ರು

ಗೌರಮ್ಮನವರೇ, ಆ 148 ಅಧ್ಯಯನ ಬಿಟ್ಟು ನಿಮ್ಮ ಹಸುವಿನ ಕಥೆಯನ್ನೇ ಹೇಳಿದ್ದರೆ ಸಾಕಿತ್ತು ನಾನು. ಆಪರೇಷನ್ ಆದವರಿಗೆ ‘ರೆಸ್ಟ್ ತಗೊಳ್ಳಿ’ ಅಂತ ಬರೆದುಕೊಡುತ್ತೇವೆ. ರೆಸ್ಟ್ ತೆಗೆದುಕೊಳ್ಳಲು ಎಷ್ಟು ಜನ ಬೇಕು ಅಂತ ನಾವು ಯೋಚಿಸುವುದೇ ಇಲ್ಲ.

ಎರಡು ಜಡೆ (ಬೆಂಗಳೂರು)

ಎಲ್ಲ ಓದಿ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ನನಗೆ ಮೂರು ವರ್ಷದ ಮಗು, ದಿನಕ್ಕೆ ಒಂಬತ್ತು ಗಂಟೆ ಕೆಲಸ, ಎರಡೂವರೆ ಗಂಟೆ ಟ್ರಾಫಿಕ್. ಯಾವ ಹೊತ್ತಿಗೆ ಸಂಘ ಸೇರಲಿ? ಬೆಳಿಗ್ಗೆ ಆರಕ್ಕೆ ಶಟಲ್ ಆಡುವ ಗಂಡಸರ ಮನೆಯಲ್ಲಿ ಆ ಹೊತ್ತಿಗೆ ಡಬ್ಬಿ ಕಟ್ಟುತ್ತಿರುವುದು ಯಾರು ಅಂತ ಕೇಳಬೇಕೆನಿಸಿತು. ಶಂಕ್ರಣ್ಣ, ನಿಮಗೇ ಹೇಳಿದ್ದು ಅಂದುಕೊಳ್ಳಬೇಡಿ. ಅಂದುಕೊಂಡರೂ ಪರವಾಗಿಲ್ಲ.

ಡೇರಿ ಗೌರಮ್ಮ

ಮಗೂನ ಕರಕೊಂಡು ಹೋಗವ್ವ. ನಮ್ಮ ಮೀಟಿಂಗಿನಲ್ಲಿ ಮಡಿಲಲ್ಲಿ ಮಲಗಿದ್ದ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಲೆಕ್ಕದ ಪುಸ್ತಕ ಅವಳೇ ಬರೆಯುವುದು.

ಶಟಲ್ ಶಂಕ್ರಣ್ಣ

ಡಬ್ಬಿ ಕಟ್ಟುವುದು ನನ್ನ ಹೆಂಡತಿಯೇ. ತಪ್ಪು ಒಪ್ಪಿಕೊಂಡೆ. ಅವಳಿಗೆ ಸಂಜೆ ಕೋಲಾಟದ ಗುಂಪಿದೆ, ಆಗ ಮೊಮ್ಮಗನನ್ನು ನಾನು ನೋಡಿಕೊಳ್ಳುತ್ತೇನೆ. ವಾರಕ್ಕೆ ಎರಡು ದಿನ.

ಸರಿ, ಎರಡೇ ದಿನ.

ಮೆಲ್ಬರ್ನ್ ಮಾವ

ತಂಗಿ, ನಿಮ್ಮ ಮನೆಯವರು ರಿಟೈರ್ ಆಗಲು ಎಷ್ಟು ವರ್ಷ ಇದೆ? ಅವರ ಬಗ್ಗೆಯೂ ಈಗಲೇ ಯೋಚಿಸಿ. ಗಂಡಸರು ಈ ವಿಷಯದಲ್ಲಿ ಇನ್ನೂ ದಡ್ಡರು. ನಮ್ಮ ಸ್ನೇಹಿತರೆಲ್ಲ ಆಫೀಸಿನಲ್ಲಿ ಸಿಕ್ಕವರು, ಆಫೀಸು ಬಿಟ್ಟ ದಿನ ಅವರೂ ಹೋದರು.

ನಾನು 66ಕ್ಕೆ ಮಗನ ಮನೆಗೆ ಬಂದೆ. ಮಗ ಸೊಸೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಟಿವಿ, ಫ್ರಿಜ್ಜಿನ ಸದ್ದು. ಇಲ್ಲಿ ‘ಮೆನ್ಸ್ ಶೆಡ್’ ಅಂತ ಇದೆ. 1998ರ ಸುಮಾರಿಗೆ ಇದೇ ವಿಕ್ಟೋರಿಯಾದ ಟೊಂಗಾಲಾ ಅನ್ನುವ ಸಣ್ಣ ಊರಿನಲ್ಲಿ ಶುರುವಾದದ್ದು, ಈಗ ದೇಶದಲ್ಲೆಲ್ಲ ಹರಡಿದೆ. ಒಂದು ದೊಡ್ಡ ಶೆಡ್ಡು, ಬಡಗಿ ಸಾಮಾನು, ವಯಸ್ಸಾದ ಗಂಡಸರು. ಮುರಿದ ಕುರ್ಚಿ ಸರಿಮಾಡುತ್ತಾರೆ, ಶಾಲೆ ಮಕ್ಕಳಿಗೆ ಆಟಿಕೆ ಮಾಡುತ್ತಾರೆ. ಗಂಡಸರು ಎದುರುಬದುರು ಕೂತರೆ ಮಾತಾಡುವುದಿಲ್ಲ, ಭುಜಕ್ಕೆ ಭುಜ ಕೊಟ್ಟು ಕೆಲಸ ಮಾಡುವಾಗ ಮಾತಾಡುತ್ತಾರೆ ಅನ್ನುವುದು ಇಲ್ಲಿನವರ ಮಾತು.

ನನಗೆ ಅವರ ಇಂಗ್ಲಿಷು ಅರ್ಧ ಅರ್ಥವಾಗುತ್ತಿರಲಿಲ್ಲ. ಮೂರು ತಿಂಗಳು ಬರೀ ಉಪ್ಪುಕಾಗದ ಉಜ್ಜಿದೆ. ಒಂದು ದಿನ ಪಕ್ಕದವನು, ನೋಡುವುದಕ್ಕೆ ಆರಡಿ ಆಳು, ಉಳಿ ಮಸೆಯುತ್ತಾ ತಲೆ ಎತ್ತದೆ ‘ಪ್ರಾಸ್ಟೇಟ್ ಟೆಸ್ಟ್ ರಿಸಲ್ಟ್ ಬಂತು, ಚೆನ್ನಾಗಿಲ್ಲ’ ಅಂದ. ಅವನು ಅದನ್ನು ಮೊದಲು ಹೇಳಿದ್ದು ನನಗೆ, ಹೆಂಡತಿಗೂ ಹೇಳಿರಲಿಲ್ಲ. ಮಾರನೇ ವಾರ ನಾವು ನಾಲ್ಕು ಜನ ಹೋಗಿ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿಕೊಂಡೆವು.

ಒಂಟಿ ಸಲಗ

ಮೊದಲು ತಮಾಷೆಯಾಗಿ ಬರೆದೆ. ಈಗ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ.

ನಾನೂ ಒಂದು ವಾಕಿಂಗ್ ಗುಂಪಿಗೆ ಸೇರಿದ್ದೆ. ಮೊದಲ ದಿನ ಹೆಸರು ಕೇಳಿದರು. ಹೆಸರಿನಿಂದ ಏನೂ ಗೊತ್ತಾಗಲಿಲ್ಲ. ‘ಯಾವ ಊರು’ ಅಂದರು. ಊರಿನಿಂದಲೂ ಗೊತ್ತಾಗಲಿಲ್ಲ. ‘ಮನೆದೇವರು ಯಾವುದು’ ಅಂತ ಕೇಳಿದರು, ಆಗ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಎರಡು ವಾರ ಕಳೆದ ಮೇಲೆ ಭಾನುವಾರದ ತಿಂಡಿ ಒಬ್ಬರ ಮನೆಯಲ್ಲಿ ಅಂತ ಮಾತಾಡಿಕೊಂಡರು. ಎಷ್ಟು ಗಂಟೆಗೆ ಅಂತ ನನಗೆ ಮಾತ್ರ ಹೇಳಲಿಲ್ಲ. ಅವತ್ತಿನಿಂದ ಒಬ್ಬನೇ ನಡೆಯುತ್ತೇನೆ. ನನ್ನ ಬಿಪಿ ಚೆನ್ನಾಗಿದೆ.

ಗುಂಪು ಒಳ್ಳೆಯದು ಅನ್ನುವಾಗ ಯಾರ ಗುಂಪು, ಯಾರಿಗೆ ಬಾಗಿಲು ಅಂತಲೂ ಹೇಳಿ.

ಪೇಢಾಪ್ರಿಯ

ನಮ್ಮ ನಗೆಕೂಟದಲ್ಲಿ ಹಾಗೆಲ್ಲ ಇಲ್ಲ ಸರ್.

ಒಂಟಿ ಸಲಗ

ಅವರೂ ಹಾಗೇ ಹೇಳುತ್ತಿದ್ದರು.

ಹಾಸನದ ಡಾಕ್ಟ್ರು

ಇದಕ್ಕೆ ಸಮಾಧಾನದ ಮಾತು ಹೇಳುವುದಿಲ್ಲ. ನೀವು ಹೇಳಿದ್ದು ನಡೆಯುತ್ತದೆ, ನನ್ನ ಊರಿನಲ್ಲೂ. ಹೊರಗಿಟ್ಟ ಗುಂಪಿನ ನಡುವೆ ದಿನಾ ಮುಕ್ಕಾಲು ಗಂಟೆ ನಡೆದರೆ ಕಾಲಿಗೆ ವ್ಯಾಯಾಮ ಆದೀತು, ಎದೆಗೆ ಆಗುವುದಿಲ್ಲ. ಒಂಟಿಯಾಗಿ ನಡೆಯುವುದೇ ಮೇಲು. ಯಾರಿಗೂ ಗುಂಪನ್ನು ‘ಬರೆದು ಕೊಡುವ’ ಮೊದಲು ನಾನು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಂದು ಮಾಹಿತಿ ಮಾತ್ರ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ 50 ದಾಟಿದವರನ್ನು ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಬಂತು. ಖಿನ್ನತೆ ಇದ್ದು ಯಾವ ಗುಂಪಿನಲ್ಲೂ ಇಲ್ಲದವರು ಒಂದು ಗುಂಪಿಗೆ ಸೇರಿದಾಗ ಖಿನ್ನತೆ ಮರುಕಳಿಸುವ ಅಪಾಯ ಶೇ 24 ಕಡಿಮೆ. ಮೂರು ಗುಂಪಿಗೆ ಸೇರಿದವರಲ್ಲಿ ಶೇ 63 ಕಡಿಮೆ. ಇದೂ ಗಮನಿಸಿ ನೋಡಿದ್ದೇ, ಸಾಬೀತಲ್ಲ. ಆದರೆ ‘ಮೂರು’ ಅನ್ನುವುದು ಮುಖ್ಯ ಅಂತ ನನ್ನ ಅನಿಸಿಕೆ. ಒಂದೇ ಗುಂಪನ್ನು ನೆಚ್ಚಿಕೊಂಡರೆ ಅಲ್ಲಿ ಕೆಟ್ಟದಾದ ದಿನ ಹೋಗಲು ಬೇರೆ ಜಾಗ ಇರುವುದಿಲ್ಲ.

ತುಂಗಾತೀರ (ಮೂರು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ಪೇಢಾಪ್ರಿಯ ಅವರೇ, ನಗೆಕೂಟಕ್ಕೆ ಹೋದೆ. ಮೂರನೇ ದಿನ ಎಲ್ಲರೂ ಕೈ ಮೇಲೆತ್ತಿ ‘ಹಾ ಹಾ’ ಅನ್ನುವಾಗ ನನಗೆ ಅಳು ಬಂದುಬಿಟ್ಟಿತು. ನಿಲ್ಲಿಸೋಕೇ ಆಗಲಿಲ್ಲ. ಪಾಪ, ಅವರೆಲ್ಲ ಒಳ್ಳೆಯವರು, ನೀರು ಕೊಟ್ಟರು. ಆದರೆ ನಗಬೇಕಾದ ಜಾಗದಲ್ಲಿ ಅತ್ತವಳು ಅಂತ ನನಗೇ ಸಂಕೋಚ, ಮತ್ತೆ ಹೋಗಲಿಲ್ಲ. ಅತ್ತೆ ಹೋದಾಗ ಬಾರದ ಅಳು ಅದು.

ಆಮೇಲೆ ಬಡಾವಣೆಯ ವಾಕಿಂಗ್ ಗುಂಪು. ಐದು ದಿನ. ಮಗನಿಗೆ ಸಂಬಳ ಎಷ್ಟು, ಮಗಳಿಗೆ ಇನ್ನೂ ಯಾಕೆ ಮದುವೆ ಇಲ್ಲ, ಅತ್ತೆಯ ಒಡವೆ ಯಾರಿಗೆ ಬಂತು. ಸಾಕಾಯಿತು. ಒಂಟಿ ಸಲಗ ಅವರ ನೋವೇ ಬೇರೆ, ನನ್ನ ಕಿರಿಕಿರಿಯನ್ನು ಅದಕ್ಕೆ ಹೋಲಿಸುವುದಿಲ್ಲ. ಆದರೆ ನೀವು ಬರೆದದ್ದು ಓದಿದ್ದಕ್ಕೆ, ನಾನೂ ಹೊಸಬರಿಗೆ ‘ನೀವು ಯಾವ ಕಡೆಯವರು’ ಅಂತ ಕೇಳುತ್ತಿದ್ದವಳೇ ಅನ್ನುವುದು ನೆನಪಾಯಿತು.

ಮೂರನೆಯದು ಹುಡುಕಿಕೊಂಡು ಹೋದದ್ದಲ್ಲ. ಔಷಧಿ ಅಂಗಡಿಯಲ್ಲಿ ನನ್ನ ಹಳೇ ವಿದ್ಯಾರ್ಥಿನಿ ಸಿಕ್ಕಳು. ಅವಳ ಅಮ್ಮ ಗಮಕ ಕಲಿಯುತ್ತಿದ್ದಾರಂತೆ. ನಮ್ಮ ಕಡೆ ಗಮಕ ಹೊಸದಲ್ಲ. ಊರಾಚೆ ತುಂಗೆಯ ದಡದಲ್ಲೇ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿಯ ಕೇಶವಮೂರ್ತಿಯವರಿಗೆ ಗಮಕಕ್ಕೇ ಪದ್ಮಶ್ರೀ ಬಂದದ್ದು. ಆದರೆ ನಾನು ಮೂವತ್ತು ವರ್ಷ ಇಲ್ಲೇ ಇದ್ದು ಒಂದು ದಿನವೂ ಕೂತು ಕೇಳಿದವಳಲ್ಲ.

ಒಂಬತ್ತು ಹೆಂಗಸರು. ಕಲಿಸುವವರಿಗೆ 74. ಒಂದು ಹಳೇ ಮನೆಯ ಹೊರಕೋಣೆ, ಒಂದು ಜಮಖಾನ, ಶ್ರುತಿಪೆಟ್ಟಿಗೆ. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕೂವರೆ. ‘ನನಗೆ ಹಾಡೋಕೆ ಬರಲ್ಲ’ ಅಂದೆ. ‘ಕನ್ನಡ ಟೀಚರ್ ಆಗಿದ್ದಿರಂತೆ, ವ್ಯಾಖ್ಯಾನ ಮಾಡಿ’ ಅಂದರು. ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರಲ್ಲ, ಆ ಎರಡನೇ ಜಾಗ ಅಲ್ಲಿ ಖಾಲಿ ಇತ್ತು.

ಐದು ವರ್ಷದ ಮೇಲೆ ಮೊದಲ ಸಲ ರಾತ್ರಿ ಕೂತು ಪಾಠ ತಯಾರಿ ಮಾಡಿಕೊಂಡೆ. ಮನೆಯವರು ಬಂದಾಗ ಅನ್ನಕ್ಕೇ ಇಟ್ಟಿರಲಿಲ್ಲ. ಅವರು ಏನೂ ಅನ್ನಲಿಲ್ಲ, ಕುಕ್ಕರ್ ಇಟ್ಟರು. ನೀರು ಜಾಸ್ತಿ ಹಾಕಿದ್ದರು.

ಕುಡ್ಲದ ಭಜನೆಗಾರ

ಅಕ್ಕ, ನೀವೂ ಬಾಯಿಪಾಠಕ್ಕಾದರೂ ವಾಚನ ಕಲಿಯಿರಿ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡನೇ ಸಾಲು 14 ಮಾತ್ರೆ, ಮೂರನೆಯದು 23. ಆ ಮೂರನೇ ಸಾಲನ್ನು ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಿ ನೋಡಿ. ನಾನು ಹೇಳಿದ ಉಸಿರಿನ ವಿಷಯ ಆಗ ತಿಳಿಯುತ್ತದೆ.

ತುಂಗಾತೀರ

ಪ್ರಯತ್ನಿಸಿದೆ. 17ಕ್ಕೇ ಉಸಿರು ಮುಗಿಯುತ್ತದೆ. 74 ವರ್ಷದವರಿಗೆ ಮುಗಿಯುವುದಿಲ್ಲ!

ಹಾಸನದ ಡಾಕ್ಟ್ರು

ಆರು ವಾರ ಆಯಿತಲ್ಲ ಮೇಡಂ, ಬಿಪಿ ತೋರಿಸಿದಿರಾ?

ತುಂಗಾತೀರ (ಏಳನೇ ವಾರ)

ತೋರಿಸಿದೆ. 136/86. ಒಂಟಿ ಸಲಗ ಅವರು ‘ಮಾತ್ರೆಯಿಂದ’ ಅನ್ನುತ್ತಾರೆ ಅಂತ ಗೊತ್ತು, ನಾನೂ ಹಾಗೇ ಅಂದುಕೊಂಡಿದ್ದೇನೆ. ಡಾಕ್ಟರೂ ಮಾತ್ರೆ ಮುಂದುವರಿಸಿ ಅಂದರು. ನಾಲ್ಕೂವರೆಯ ಎಚ್ಚರ ಇನ್ನೂ ಹೋಗಿಲ್ಲ.

ಒಂದು ಸಂಗತಿ ಮಾತ್ರ ಬರೆಯಬೇಕು. ಹೋದ ಶುಕ್ರವಾರ ಅತ್ತೆಯ ಹುಟ್ಟಿದ ದಿನ. ಬೆಳಿಗ್ಗೆಯಿಂದ ಏನೂ ಬೇಡವಾಗಿತ್ತು. ಸಂಜೆ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿ ಮಲಗಿದ್ದೆ. ನಾಲ್ಕಕ್ಕೆ ನೆನಪಾಯಿತು, ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆ. ಆ ಮನೆಯವರು ಮಗಳ ಮನೆಗೆ ಹೋಗುವಾಗ ನನಗೆ ಕೊಟ್ಟಿದ್ದರು. ನಾನು ಹೋಗದಿದ್ದರೆ ಎಂಟು ಜನ, ಅದರಲ್ಲಿ ಇಬ್ಬರಿಗೆ ಮಂಡಿ ನೋವು, ಬಿಸಿಲಿನಲ್ಲಿ ನಿಲ್ಲಬೇಕು. ಸೀರೆ ಬದಲಿಸದೆ ಹಾಗೇ ಓಡಿದೆ.

ಬೈದುಕೊಂಡೇ ಓಡಿದ್ದು. ಖುಷಿಯಿಂದ ಅಲ್ಲ. ಆದರೆ ಅವತ್ತು ವ್ಯಾಖ್ಯಾನ ಮಾಡುವಾಗ ಒಂದು ಕಡೆ ಅತ್ತೆಯ ಗಾದೆಯೊಂದು ತಾನಾಗಿ ಬಾಯಿಗೆ ಬಂತು, ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಹಾ ಹಾ’ ಅಂತ ಎಣಿಸಿಕೊಂಡು ಅಲ್ಲ.

ಡೇರಿ ಗೌರಮ್ಮ

ಆ ಬೀಗದ ಕೈ ವಾಪಸ್ ಕೊಡಬೇಡ ಅಕ್ಕಾ. ಕೇಳಿದರೂ ‘ಮರೆತು ಬಂದೆ’ ಅನ್ನು.

ಒಂಟಿ ಸಲಗ

136 ಮಾತ್ರೆಯಿಂದಲೇ. ಗಾದೆ ಯಾವುದು?

ತುಂಗಾತೀರ

‘ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ.’ ತಾವೇ ಏನಾದರೂ ಬೀಳಿಸಿದಾಗಲೆಲ್ಲ ತಾವೇ ಹೇಳಿಕೊಂಡು ನಗುತ್ತಿದ್ದರು.

ಶಟಲ್ ಶಂಕ್ರಣ್ಣ

ಮೇಡಂ, ಎಲ್ಲ ಸರಿ. ಗಮಕ ಸಂಜೆ ತಾನೇ? ಡಾಕ್ಟ್ರು ಮೂರು ಗುಂಪು ಅಂದಿದ್ದಾರೆ. ಬೆಳಿಗ್ಗೆ ಶಟಲ್ ಆಡಬಹುದಲ್ಲ.

ತುಂಗಾತೀರ

ಹೇಗೂ ನಾಲ್ಕೂವರೆಗೆ ಎದ್ದಿರುತ್ತೇನೆ ಶಂಕ್ರಣ್ಣ. ಶಿವಮೊಗ್ಗದಲ್ಲಿ ಹೆಂಗಸರು ಆಡುವ ಕೋರ್ಟು ಎಲ್ಲಿದೆ, ವಿಚಾರಿಸಿ ಹೇಳಿ.

ಶಟಲ್ ಶಂಕ್ರಣ್ಣ

ನಾಳೆಯೇ ಹೇಳುತ್ತೇನೆ. ಅಷ್ಟರಲ್ಲಿ ನಾನ್ ಮಾರ್ಕಿಂಗ್ ಶೂ ತೆಗೆದುಕೊಳ್ಳಿ. ವಾಕಿಂಗ್ ಶೂ ಹಾಕಿಕೊಂಡು ಹೋದರೆ ಕೋರ್ಟಿನವರು ಒಳಗೆ ಬಿಡುವುದಿಲ್ಲ.